ಮಲ್ಪೆಯ ದ್ವೀಪವೋ, ಕೋಡಿ ಬೆಂಗ್ರೆಯ ಅಳಿವೆಯೋ? ಚಳಿಗಾಲದ ಹಕ್ಕಿಗಳನ್ನು ಮಕ್ಕಳಿಗೆ ಎಲ್ಲಿ ತೋರಿಸಲಿ?

ಬೈಲುಮನೆ ಅವರ ಪ್ರಶ್ನೆ

ನಾನು ಉಡುಪಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಜನವರಿಯಲ್ಲಿ ಒಂಬತ್ತನೆಯ ತರಗತಿಯ ಕೆಲವು ಮಕ್ಕಳನ್ನು ವಲಸೆ ಹಕ್ಕಿಗಳನ್ನು ನೋಡಲು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಕಡಲ ಮಗ್ಗುಲಲ್ಲೇ ಹುಟ್ಟಿ ಬೆಳೆದ ಮಕ್ಕಳಾದರೂ ಇವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಬೆಳ್ಳಕ್ಕಿ ಮತ್ತು ಗರುಡ ಮಾತ್ರ. ಟಿಬೆಟ್ಟಿನ ಎತ್ತರದಲ್ಲಿ ಮೊಟ್ಟೆಯೊಡೆದು ಬಂದ ಹಕ್ಕಿಯೊಂದು ತಮ್ಮ ಮನೆಯ ಹಿಂದಿನ ಹೊಳೆಯ ಕೆಸರಿನಲ್ಲಿ ಹುಳ ಹೆಕ್ಕುತ್ತಿರುತ್ತದೆ ಎಂಬುದನ್ನು ಅವರು ಪಾಠದಲ್ಲಿ ಓದಿದರೆ ಸಾಲದು, ಕಣ್ಣಾರೆ ಕಾಣಬೇಕೆಂಬುದು ನನ್ನ ಆಸೆ.

ಮಕ್ಕಳೆಲ್ಲ ಸೇಂಟ್ ಮೇರೀಸ್ ದ್ವೀಪಕ್ಕೇ ಹೋಗೋಣ ಎನ್ನುತ್ತಿದ್ದಾರೆ. ದೋಣಿಯಲ್ಲಿ ಹೋಗುವ ಉತ್ಸಾಹ ಅವರದು, ಅದು ಸಹಜವೇ. ಆದರೆ ಪರಿಚಯದವರೊಬ್ಬರು ದ್ವೀಪದಲ್ಲಿ ಹಕ್ಕಿಗಿಂತ ಜನರೇ ಹೆಚ್ಚು, ಅದರ ಬದಲು ಕೆಮ್ಮಣ್ಣಿನ ಕುದ್ರುಗಳ (ಹೊಳೆಯ ನಡುಗಡ್ಡೆಗಳ) ಕಡೆಗೋ ಕೋಡಿ ಬೆಂಗ್ರೆಗೋ ಹೋಗಿ ಎಂದರು. ಎರಡರಲ್ಲಿ ಯಾವುದು ಮೇಲು, ದಿನದ ಯಾವ ಹೊತ್ತಿನಲ್ಲಿ ಹೋಗಬೇಕು, ದೂರದರ್ಶಕವಿಲ್ಲದೆ ಕೇವಲ ಬೈನಾಕ್ಯುಲರ್‌ನಿಂದ ಕೆಲಸ ನಡೆಯುತ್ತದೆಯೇ ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಪಡುವಣ ಅವರ ಉತ್ತರ

ನೀವು ಮೊದಲು ನೋಡಬೇಕಾದದ್ದು ಜಾಗವನ್ನಲ್ಲ, ಭರತ–ಇಳಿತದ ಹೊತ್ತನ್ನು. ಕಾಡಿನ ಹಕ್ಕಿಗಳಿಗೆ ಸೂರ್ಯನೇ ಗಡಿಯಾರ. ಅಳಿವೆಯ ಹಕ್ಕಿಗಳು ಮಾತ್ರ ನೀರಿನ ಏರಿಳಿತಕ್ಕೆ ತಕ್ಕಂತೆ ಹಗಲು ರಾತ್ರಿಯೆನ್ನದೆ ಮೇಯುತ್ತವೆ, ವಿರಮಿಸುತ್ತವೆ. ಇಳಿತದಲ್ಲಿ ಕೆಸರು ಮತ್ತು ಮರಳಿನ ಬಯಲು ತೆರೆದುಕೊಂಡಾಗ ಅದರೊಳಗಿನ ಹುಳ, ಸಣ್ಣ ಏಡಿ, ಮರುವಾಯಿಯ (ಚಿಪ್ಪುಜೀವಿಯ) ಮರಿಗಳನ್ನು ಹುಡುಕುತ್ತ ಅವು ದೂರದೂರಕ್ಕೆ ಚದುರಿಹೋಗುತ್ತವೆ. ಆಗ ಹೋದವರಿಗೆ ಕಾಣುವುದು ಬಿಸಿಲಿನ ಝಳದಲ್ಲಿ ನಡುಗುವ ಚುಕ್ಕೆಗಳು ಮಾತ್ರ. ನೀರು ಏರತೊಡಗಿದ ಮೇಲೆ ಮೇಯುವ ಜಾಗ ಕಿರಿದಾಗುತ್ತ ಬಂದು ಹಕ್ಕಿಗಳು ತಾವಾಗಿಯೇ ದಡದತ್ತ ಸರಿಯುತ್ತವೆ. ಭರತ ತುಂಬುವುದಕ್ಕೆ ಮುಂಚಿನ ಎರಡು ಗಂಟೆಗಳಲ್ಲಿ ಒಂದೆಡೆ ಅಲುಗಾಡದೆ ಕುಳಿತವರ ಬಳಿಗೆ ನೀರೇ ಹಕ್ಕಿಗಳನ್ನು ತಂದು ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ 8×42ರ (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಧಾರಾಳ ಸಾಕು.

ನಮ್ಮ ಕರಾವಳಿಯಲ್ಲಿ ನೀರಿನ ಏರಿಳಿತ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸಿನದು. ಗುಜರಾತಿನ ಖಂಭಾತ್ ಕೊಲ್ಲಿಯಂತೆ ಎಂಟು–ಹತ್ತು ಮೀಟರು ಏರುವ ಕಡಲಲ್ಲ ಇದು. ಆದುದರಿಂದ ಕೆಸರುಬಯಲುಗಳೂ ಕಿರಿದು, ಹಕ್ಕಿಗಳ ಸಂಖ್ಯೆಯೂ ಅಲ್ಲಿನಷ್ಟಿಲ್ಲ. ಇಷ್ಟು ಸಣ್ಣ ಏರಿಳಿತದಲ್ಲಿ ಯಾವ ದಿನ ಹೋಗುತ್ತೇವೆ ಎಂಬುದು ಮುಖ್ಯವಾಗುತ್ತದೆ. ಹುಣ್ಣಿಮೆ–ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಚೆನ್ನಾಗಿ ಇಳಿದು ಚೆನ್ನಾಗಿ ಏರುತ್ತದೆ, ಅಷ್ಟಮಿಯ ಸುಮಾರಿಗೆ ಏರಿಳಿತ ಮಂದವಾಗಿರುತ್ತದೆ. ಹುಣ್ಣಿಮೆ–ಅಮಾವಾಸ್ಯೆಯ ದಿನಗಳಲ್ಲಿ ಇಲ್ಲಿ ಮುಂಜಾನೆ ಮತ್ತು ಸಂಜೆ ಇಳಿತವಿದ್ದು ಮಧ್ಯಾಹ್ನದ ಸುಮಾರಿಗೆ ಭರತವಿರುತ್ತದೆ, ಆಮೇಲೆ ದಿನಕ್ಕೆ ಸರಾಸರಿ ಐವತ್ತು ನಿಮಿಷದಂತೆ ಮುಂದಕ್ಕೆ ಹೋಗುತ್ತದೆ. ಅಂದರೆ ಹುಣ್ಣಿಮೆಯ ಆಚೀಚಿನ ದಿನ ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ಏರುವ ನೀರು ಸಿಗುತ್ತದೆ, ಶಾಲೆಯ ಮಕ್ಕಳಿಗೆ ಇದಕ್ಕಿಂತ ಅನುಕೂಲದ ಹೊತ್ತು ಇನ್ನೊಂದಿಲ್ಲ. ಮಲ್ಪೆಯ ಮೀನುಗಾರರು ತಿಥಿ ಹಿಡಿದೇ ಈ ಲೆಕ್ಕ ಹೇಳುತ್ತಾರೆ. ನಿಖರವಾದ ಗಂಟೆಗಾಗಿ ಭರತ–ಇಳಿತದ ಪಟ್ಟಿಯನ್ನು ಹಿಂದಿನ ದಿನ ತಪ್ಪದೆ ನೋಡಿಕೊಳ್ಳಿ.

ಇನ್ನು ಜಾಗದ ಮಾತು. ಸೇಂಟ್ ಮೇರೀಸ್ ದ್ವೀಪಗಳು ಬಂಡೆಯ ದ್ವೀಪಗಳು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಬಿರುಕುಬಿಟ್ಟು ಆದ ಆ ಕಂಬಸಾಲುಗಳನ್ನು ಮಕ್ಕಳು ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಕ್ಕಿಯ ಹೊಟ್ಟೆ ತುಂಬಿಸುವ ಕೆಸರು ಅಲ್ಲಿಲ್ಲ. ಪ್ರವಾಸಿಗರು ಇಳಿಯುವ ಕೋಕನಟ್ ಐಲ್ಯಾಂಡ್ ಸುಮಾರು 500 ಮೀಟರು ಉದ್ದ, 100 ಮೀಟರು ಅಗಲದ ನೆಲ. ಅಷ್ಟರಲ್ಲಿ ನೂರಾರು ಜನ ಓಡಾಡುವಾಗ ಹಕ್ಕಿ ನಿಲ್ಲುವುದಾದರೂ ಎಲ್ಲಿ? ಕೋಡಿ ಬೆಂಗ್ರೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಸುವರ್ಣಾ ಮತ್ತು ಸೀತಾ ನದಿಗಳು ಒಂದಾಗಿ ಸಮುದ್ರ ಸೇರುವ ಆ ಕಿರಿದಾದ ಮರಳು ನಾಲಗೆಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ತುದಿಯಲ್ಲಿ ಅಳಿವೆಯ ಬಾಗಿಲು, ಎದುರು ದಡದಲ್ಲಿ ಹಂಗಾರಕಟ್ಟೆ. ನದಿಗಳು ತಂದು ಹಾಕುವ ಮಣ್ಣಿನಿಂದ ಹೊಳೆಯ ಮಗ್ಗುಲಲ್ಲಿ ಕೆಸರುಬಯಲು, ಕಡಲ ಮಗ್ಗುಲಲ್ಲಿ ಅಲೆ ತೊಳೆದ ಮರಳು, ಹೀಗೆ ಎರಡು ಬಗೆಯ ಹಕ್ಕಿಗಳಿಗೆ ಎರಡು ಬಗೆಯ ಊಟ ಕೂಗಳತೆಯಲ್ಲಿ ಸಿಗುತ್ತದೆ. ಬೆಳಕಿನ ಅನುಕೂಲವೂ ಇದೆ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದಿರುವಾಗ ಕಡಲ ಬದಿಯನ್ನು ನೋಡಬಹುದು, ಸಂಜೆಯಾದರೆ ಹೊಳೆಯ ಬದಿಯನ್ನು. ಬೆಳಗಿನ ಹೊತ್ತು ಹೊಳೆಯತ್ತ ನೋಡಹೊರಟರೆ ಎಲ್ಲ ಹಕ್ಕಿಗಳೂ ಕಪ್ಪಗೆ ಕಾಣುತ್ತವೆ, ಮಕ್ಕಳಿಗೆ ಬೇಸರ ಬರುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ: ಒಂದೇ ದಿನವಿದ್ದರೆ ಬೆಂಗ್ರೆಗೇ ಹೋಗಿ.

ಕಾಂಡ್ಲಾವನ ಅವರ ಉತ್ತರ

ಪಡುವಣ ಅವರು ಹೇಳಿದ್ದಕ್ಕೆ ಕುದ್ರುಗಳ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಕೆಮ್ಮಣ್ಣಿನಿಂದ ತೂಗುಸೇತುವೆ ದಾಟಿ ಹೋಗುವ ತಿಮ್ಮಣ್ಣಕುದ್ರು ಮತ್ತು ಅದರ ಸುತ್ತಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚು ಭರತದ ಹೊತ್ತಿನಲ್ಲಿ ಹಕ್ಕಿಗಳ ತಂಗುದಾಣ. ನೀರು ತುಂಬಿ ಕೆಸರು ಮುಳುಗಿದಾಗ ವಿಂಬ್ರೆಲ್, ರೆಡ್‌ಶಾಂಕ್, ಟೆರೆಕ್ ಗೊರವ ಮೊದಲಾದ ಕೆಸರಿನಲ್ಲಿ ಮೇಯುವ ಹಕ್ಕಿಗಳು ಕಾಂಡ್ಲಾದ ಬೇರು–ಕೊಂಬೆಗಳ ಮೇಲೆ ಸಾಲಾಗಿ ಕೂರುವುದುಂಟು. ನೆಲದ ಹಕ್ಕಿಯೆಂದು ಪುಸ್ತಕ ಹೇಳುವ ಜೀವಿ ಮರದ ಮೇಲೆ ಕುಳಿತದ್ದನ್ನು ಕಂಡಾಗ ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳತೊಡಗುತ್ತಾರೆ.

ವಿಂಬ್ರೆಲ್ ಏಡಿ ತಿನ್ನುವುದನ್ನು ಹತ್ತಿರದಿಂದ ತೋರಿಸಲು ಸಾಧ್ಯವಾದರೆ ಬಿಡಬೇಡಿ. ಬಿಲದ ಬಾಯಲ್ಲಿ ಕೊಕ್ಕಿನ ಬಾಗಿದ ತುದಿಯನ್ನು ಇಳಿಸಿ ಏಡಿಯನ್ನು ಎಳೆದು ತೆಗೆದು, ಕೆಸರಾಗಿದ್ದರೆ ನೀರಿನಲ್ಲಿ ಅದ್ದಿ ತೊಳೆದು, ಕೊಂಡಿ ಕಾಲುಗಳು ಕಳಚಿ ಬೀಳುವ ತನಕ ಬಲವಾಗಿ ಝಾಡಿಸಿ, ಕೊನೆಗೆ ಚಿಪ್ಪು ಸಮೇತ ನುಂಗುತ್ತದೆ. ತಲೆಯ ನಡುವೆ ಮಸುಕಾದ ಒಂದು ಗೆರೆ, ಅದರ ಎರಡೂ ಬದಿ ಕಂದು ಪಟ್ಟಿ ಇದ್ದರೆ ಅದು ವಿಂಬ್ರೆಲ್. ಆ ಗೆರೆಯಿಲ್ಲದೆ, ಕೊಕ್ಕು ಇನ್ನೂ ಉದ್ದವಾಗಿ ಬುಡದಿಂದಲೇ ಬಾಗಿದ್ದರೆ ಅದು ಯುರೇಷಿಯನ್ ಕರ್ಲ್ಯೂ.

ಕಪ್ಪುಟೋಪಿಯ ಮಿಂಚುಳ್ಳಿಯೂ ಚಳಿಗಾಲದಲ್ಲಿ ಈ ಕಾಂಡ್ಲಾ ಅಂಚಿನಲ್ಲಿ ಹುಡುಕಬೇಕಾದ ಹಕ್ಕಿ. ಜಗತ್ತಿನ ಮಟ್ಟದಲ್ಲಿ ಇದು ಈಗ ಅಪಾಯಕ್ಕೊಳಗಾದ ಹಕ್ಕಿಗಳ ಪಟ್ಟಿ ಸೇರಿದೆ. ಕಾಂಡ್ಲಾ ಕಡಿದು ದಡಕ್ಕೆ ಕಲ್ಲು ಕಟ್ಟುವ ಕೆಲಸ ನಡೆದಲ್ಲೆಲ್ಲ ಇದು ಕುಳಿತು ಹೊಂಚುವ ಕೊಂಬೆಯೇ ಇಲ್ಲವಾಗುತ್ತದೆ ಎಂಬ ಮಾತನ್ನು ಮಕ್ಕಳಿಗೆ ಅಲ್ಲಿಯೇ ಹೇಳಿ.

ಬೈಲು ಗದ್ದೆಗಳನ್ನೂ ಮರೆಯಬೇಡಿ. ಸುಗ್ಗಿ ಬೆಳೆಯ ನೀರು ನಿಂತ ಗದ್ದೆಯಲ್ಲಿ ಉಲ್ಲಂಕಿ, ಮರಗೊರವ, ಹಳದಿ ಸಿಪಿಲೆ, ಬಾಯ್ಕಳಕ ಕೊಕ್ಕರೆ ಇವೆಲ್ಲ ಸಿಗುತ್ತವೆ. ಜೌಗು ಸೆಳೆವ (ಮಾರ್ಷ್ ಹ್ಯಾರಿಯರ್ ಎಂಬ ಬೇಟೆಹಕ್ಕಿ) ಗದ್ದೆಯ ಮೇಲೆ ತಗ್ಗಿನಲ್ಲಿ ಹಾರಿ ಬಂದರೆ ಅಷ್ಟೂ ಹಕ್ಕಿಗಳು ಒಟ್ಟಿಗೆ ಏಳುತ್ತವೆ.

ಬೈಲುಮನೆ ಅವರ ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದಗಳು. ಹುಣ್ಣಿಮೆಯ ಮರುದಿನವನ್ನು ನೋಡಿ ದಿನ ನಿಗದಿ ಮಾಡುತ್ತೇನೆ. ಒಂದು ಚಿಂತೆ ಉಳಿದಿದೆ. ಬೆಂಗ್ರೆಯ ಮರಳಿನಲ್ಲಿ ಓಡಾಡುವ ಗುಬ್ಬಚ್ಚಿಗಿಂತ ತುಸು ದೊಡ್ಡ, ಬೂದುಗಂದು ಬಣ್ಣದ ಸಣ್ಣ ಹಕ್ಕಿಗಳೆಲ್ಲ ನನಗೆ ಒಂದೇ ರೀತಿ ಕಾಣುತ್ತವೆ. ಪುಸ್ತಕದ ಚಿತ್ರಗಳಲ್ಲಿ ಕೆಂಪು ಎದೆ, ಕಪ್ಪು ಪಟ್ಟಿ ಎಲ್ಲ ಇವೆ, ನಾನು ನೋಡಿದ ಹಕ್ಕಿಗಳಿಗೆ ಅದೊಂದೂ ಇರಲಿಲ್ಲ. ಮಕ್ಕಳು ಕೇಳಿದಾಗ ಎಲ್ಲಿಂದ ಆರಂಭಿಸಲಿ?

ಮರಳದಿಣ್ಣೆ ಅವರ ಉತ್ತರ

ಬಣ್ಣದಿಂದ ಆರಂಭಿಸಬೇಡಿ, ನಡಿಗೆಯಿಂದ ಆರಂಭಿಸಿ. ಚಳಿಗಾಲದಲ್ಲಿ ಈ ಹಕ್ಕಿಗಳು ಮದುವಣಗಿತ್ತಿಯ ಬಣ್ಣವನ್ನೆಲ್ಲ ಕಳಚಿಟ್ಟಿರುತ್ತವೆ. ಆದರೆ ಊಟ ಹುಡುಕುವ ರೀತಿ ಯಾವ ಕಾಲದಲ್ಲೂ ಬದಲಾಗುವುದಿಲ್ಲ.

ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ನೆಟ್ಟ ನೋಟದಿಂದ ನೆಲ ನೋಡಿ, ಒಮ್ಮೆ ಕುಕ್ಕಿ, ಮತ್ತೆ ಓಡುವವೆಲ್ಲ ಪ್ಲೋವರ್‌ಗಳು. ಇವು ಕಣ್ಣಿನಿಂದ ಬೇಟೆಯಾಡುತ್ತವೆ, ಹಾಗಾಗಿ ಕಣ್ಣು ದೊಡ್ಡದು, ಕೊಕ್ಕು ಗಿಡ್ಡ. ನಿಲ್ಲದೆ ನಡೆಯುತ್ತ ಕೆಸರಿನೊಳಗೆ ಕೊಕ್ಕು ಚುಚ್ಚುತ್ತ ಹೋಗುವವು ಗೊರವದ (ಸ್ಯಾಂಡ್‌ಪೈಪರ್) ಬಳಗದವು. ಅಲೆ ಹಿಂದೆ ಸರಿದಾಗ ಅದರ ಬೆನ್ನುಹತ್ತಿ ಓಡಿ, ಮುಂದಿನ ಅಲೆ ಬಂದಾಗ ಅಷ್ಟೇ ವೇಗದಲ್ಲಿ ಹಿಂದಕ್ಕೆ ಓಡಿಬರುವ, ಮಿಕ್ಕವಕ್ಕಿಂತ ಬಿಳುಪಾದ ಹಕ್ಕಿ ಸ್ಯಾಂಡರ್ಲಿಂಗ್. ಅದರ ಕಾಲಿಗೆ ಹಿಂಬೆರಳಿಲ್ಲ. ಉತ್ತರ ಧ್ರುವದ ಸಮೀಪದ ತುಂಡ್ರಾದಲ್ಲಿ ಮರಿ ಮಾಡುವ ಹಕ್ಕಿ ಅದು. ಒಂಟಿಯಾಗಿ ಬಂಡೆ, ಕಲ್ಲುಕಟ್ಟೆಗಳ ಮೇಲೆ ಹಿಂಭಾಗವನ್ನು ಸದಾ ಕುಣಿಸುತ್ತಿರುವುದು ಗದ್ದೆಗೊರವ. ಅದು ಮುಂಗಾರು ಮುಗಿಯುವ ಮೊದಲೇ ಇಲ್ಲಿಗೆ ತಲುಪಿರುತ್ತದೆ. ಈ ನಾಲ್ಕನ್ನು ಮಕ್ಕಳು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ.

ಪ್ಲೋವರ್‌ಗಳೊಳಗಿನ ವ್ಯತ್ಯಾಸಕ್ಕೆ ಮಾತ್ರ ತಾಳ್ಮೆ ಬೇಕು. ಬೆಂಗ್ರೆ, ಪಡುಕೆರೆ, ಮಂಗಳೂರಿನ ತಣ್ಣೀರುಬಾವಿ, ಎಲ್ಲಿಯೇ ಆಗಲಿ, ಮೊದಲು ಹಕ್ಕಿಯ ಕುತ್ತಿಗೆಯ ಹಿಂಭಾಗವನ್ನು ನೋಡಿ. ಅಲ್ಲಿ ಬಿಳಿಯ ಪಟ್ಟಿ ಪೂರ್ತಿ ಸುತ್ತಿದ್ದು, ಎದೆಯ ಎರಡೂ ಬದಿಗೆ ಸಣ್ಣ ಕಪ್ಪುಗಂದು ಮಚ್ಚೆಯಿದ್ದರೆ ಕೆಂಟಿಷ್ ಪ್ಲೋವರ್. ಹಿಂಗುತ್ತಿಗೆ ಬೆನ್ನಿನಂತೆಯೇ ಬೂದುಗಂದಾಗಿದ್ದರೆ ಸ್ಯಾಂಡ್ ಪ್ಲೋವರ್. ಸ್ಯಾಂಡ್ ಪ್ಲೋವರ್‌ಗಳಲ್ಲಿ ದೊಡ್ಡದರ ಕೊಕ್ಕು ಎದ್ದು ಕಾಣುವಷ್ಟು ಉದ್ದ ಮತ್ತು ದಪ್ಪ, ಕಾಲು ಹಸಿರು ಬೆರೆತ ಹಳದಿ, ಹಾರುವಾಗ ಬೆರಳುಗಳು ಬಾಲದಾಚೆಗೆ ಚಾಚಿರುತ್ತವೆ. ಸಣ್ಣದರ ಕಾಲು ಕಪ್ಪಗೆ, ಕೊಕ್ಕು ಗಿಡ್ಡ. ಒಂಟಿ ಹಕ್ಕಿಯಲ್ಲಿ ಇದನ್ನು ನಿರ್ಣಯಿಸುವುದು ಕಷ್ಟ. ಎರಡೂ ಪಕ್ಕಪಕ್ಕದಲ್ಲಿ ನಿಂತಾಗ ಸಂದೇಹ ಬರುವುದಿಲ್ಲ.

ನಿಮ್ಮ ಪುಸ್ತಕದಲ್ಲಿ ಸಣ್ಣದಕ್ಕೆ ಲೆಸ್ಸರ್ ಸ್ಯಾಂಡ್ ಪ್ಲೋವರ್ ಎಂದಿರಬಹುದು. 2023ರಲ್ಲಿ ಇ-ಬರ್ಡ್ (ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಜಾಲತಾಣ) ಪಟ್ಟಿಯಲ್ಲಿ ಅದನ್ನು ಸೈಬೀರಿಯನ್ ಮತ್ತು ಟಿಬೆಟನ್ ಎಂಬ ಎರಡು ಪ್ರಭೇದಗಳಾಗಿ ವಿಂಗಡಿಸಿದರು. ನಮ್ಮ ಪಶ್ಚಿಮ ಕರಾವಳಿಗೆ ಬರುವವು ಮುಖ್ಯವಾಗಿ ಟಿಬೆಟನ್ ಸ್ಯಾಂಡ್ ಪ್ಲೋವರ್‌ಗಳು, ಅಂದರೆ ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿಯ ಎತ್ತರದಲ್ಲಿ ಮರಿ ಮಾಡಿ ಇಳಿದು ಬಂದವು. ಟಿಬೆಟ್ಟಿನಿಂದ ಬಂದ ಹಕ್ಕಿಯನ್ನು ಮಕ್ಕಳಿಗೆ ತೋರಿಸುವ ನಿಮ್ಮ ಆಸೆ ಇದರಲ್ಲೇ ಈಡೇರುತ್ತದೆ. ಪುಸ್ತಕದ ಕೆಂಪು ಎದೆಯನ್ನು ನೋಡಬೇಕೆಂದಿದ್ದರೆ ಏಪ್ರಿಲ್ ಮೊದಲ ವಾರದಲ್ಲಿ ಮತ್ತೊಮ್ಮೆ ಬನ್ನಿ. ಹೊರಡುವ ಮುನ್ನ ಕೆಲವು ಹಕ್ಕಿಗಳಿಗೆ ಬಣ್ಣ ಬಂದಿರುತ್ತದೆ.

ಬೂದು ಪ್ಲೋವರ್ ಕಂಡರೆ ತಪ್ಪದೆ ದಾಖಲಿಸಿ. ನಿಂತಾಗ ದಪ್ಪನೆಯ, ಮಂಕಾದ ಹಕ್ಕಿ. ಹಾರಿದಾಗ ರೆಕ್ಕೆಯ ಕೆಳಗೆ ಕಂಕುಳಲ್ಲಿ ಕಪ್ಪು ಮಚ್ಚೆ ಸ್ಪಷ್ಟವಾಗಿ ಕಾಣುತ್ತದೆ. 2024ರ ಅಕ್ಟೋಬರಿನಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯನ್ನು ಪರಿಷ್ಕರಿಸಿದಾಗ ಬೂದು ಪ್ಲೋವರ್ ಮತ್ತು ಕರ್ಲ್ಯೂ ಸ್ಯಾಂಡ್‌ಪೈಪರ್ ಎರಡನ್ನೂ ಅಪಾಯಕ್ಕೊಳಗಾದ ಹಕ್ಕಿಗಳ ವರ್ಗಕ್ಕೆ ಸೇರಿಸಿದ್ದಾರೆ. ರಡ್ಡಿ ಟರ್ನ್‌ಸ್ಟೋನ್ ಕೂಡ ಅಪಾಯದ ಹೊಸ್ತಿಲಿಗೆ ಬಂದಿದೆ. ಇಷ್ಟು ವ್ಯಾಪಕವಾಗಿ ಜಗತ್ತಿನ ಕರಾವಳಿಗಳಲ್ಲೆಲ್ಲ ಕಾಣುವ ಹಕ್ಕಿಗಳು ಕ್ಷೀಣಿಸುತ್ತಿವೆ ಎಂಬುದು ನನ್ನನ್ನು ತುಂಬ ಕಾಡುತ್ತದೆ.

ಬಂದರುಬೀದಿ ಅವರ ಉತ್ತರ

ದ್ವೀಪವನ್ನು ಇಷ್ಟು ಸುಲಭವಾಗಿ ಕೈಬಿಡುವುದು ಸರಿಯೆಂದು ನನಗನ್ನಿಸುವುದಿಲ್ಲ. ದ್ವೀಪದ ನೆಲಕ್ಕಿಂತ ಆ ದಾರಿಯೇ ಮುಖ್ಯ. ಮಲ್ಪೆಯಿಂದ ಸುಮಾರು ಆರು ಕಿಲೋಮೀಟರು ನೀರಿನ ಮೇಲೆ ಹೋಗುವಾಗ ದಡದಿಂದ ಚುಕ್ಕೆಯಾಗಿ ಕಾಣುತ್ತಿದ್ದ ರೀವಗಳು (ಟರ್ನ್ ಎಂಬ ಕಡಲಹಕ್ಕಿಗಳು) ಕಣ್ಣೆದುರಿಗೆ ಬರುತ್ತವೆ. ಬಲೆಯ ತೇಲುಬುರುಡೆಗಳ ಮೇಲೆ, ನೆಟ್ಟ ಕಂಬಗಳ ಮೇಲೆ ಕುಳಿತಿರುವ ರೀವಗಳ ಕೊಕ್ಕನ್ನು ನೋಡಿದರೆ ಸಾಕು: ಕಿತ್ತಳೆ ಬಣ್ಣದ್ದಾದರೆ ಲೆಸ್ಸರ್ ಕ್ರೆಸ್ಟೆಡ್, ಹಸಿರುಛಾಯೆಯ ಹಳದಿಯಾಗಿದ್ದು ಗಾತ್ರವೂ ದೊಡ್ಡದಾದರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿನ ತುದಿ ಮಾತ್ರ ಹಳದಿಯಾದರೆ ಸ್ಯಾಂಡ್‌ವಿಚ್ ರೀವ. ಇನ್ನೂ ದೂರದ ಆಳಸಮುದ್ರಕ್ಕೆ ಹೋಗುವ ದೋಣಿಯವರಿಗೆ ಚಳಿಗಾಲದಲ್ಲಿ ಜೇಗರ್ ಹಕ್ಕಿಗಳೂ ಸಿಗುತ್ತವೆ. ರೀವಗಳನ್ನು ಅಟ್ಟಿಸಿಕೊಂಡು ಹೋಗಿ ಅವು ಹಿಡಿದ ಮೀನನ್ನು ಉದುರಿಸುವಂತೆ ಮಾಡಿ ಕಸಿದುಕೊಳ್ಳುವ ಹಕ್ಕಿಗಳು ಅವು.

ದ್ವೀಪದ ಬಂಡೆಗಳ ಮೇಲೆ ಕಡಲ ಬೆಳ್ಳಕ್ಕಿಯನ್ನು ನೋಡಿ. ಇದರಲ್ಲಿ ಬೂದುಗಪ್ಪು ಮತ್ತು ಬಿಳಿ ಎಂಬ ಎರಡು ರೂಪಗಳಿವೆ. ಕರಿಯ ಕಲ್ಲುಕಂಬದ ನೆರಳಿನಲ್ಲಿ ಕಪ್ಪು ರೂಪದ್ದು ಕುತ್ತಿಗೆ ತಗ್ಗಿಸಿ ನಿಂತರೆ, ಗಂಟಲಿನ ಬಿಳಿ ಮಚ್ಚೆಯೊಂದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಬಿಳಿಹೊಟ್ಟೆಯ ಕಡಲ ಹದ್ದು ವಲಸೆಯದ್ದಲ್ಲ, ಇಲ್ಲಿಯದೇ, ಆದರೂ ಅದಕ್ಕೆ ಗೂಡುಕಟ್ಟುವ ಕಾಲ ಈ ಚಳಿಗಾಲವೇ. ಸಮುದ್ರದ ಹಾವನ್ನು ಉಗುರಿನಲ್ಲಿ ಹಿಡಿದು ತೂಗಾಡಿಸಿಕೊಂಡು ಹಾರುವುದನ್ನು ಇಲ್ಲಿನ ಮೀನುಗಾರರು ನೋಡದೆ ಇಲ್ಲ. ವಾರದ ನಡುವಿನ ದಿನ, ಬೆಳಗಿನ ಮೊದಲ ದೋಣಿಯಲ್ಲಿ ಹೋದರೆ ಜನರ ಗದ್ದಲವೂ ಕಡಿಮೆ.

ಹೋಗುವಾಗಲೋ ಬರುವಾಗಲೋ ಮಲ್ಪೆ ಬಂದರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಟ್ರಾಲರುಗಳು ಮೀನಿಳಿಸುವಲ್ಲಿ ಕಡಲಹಕ್ಕಿಗಳಾದ ಗಲ್‌ಗಳು ಮುತ್ತಿಕೊಂಡಿರುತ್ತವೆ. ರೆಕ್ಕೆಯ ಮುಂದಂಚಿನಲ್ಲಿ ಉದ್ದನೆಯ ಬಿಳಿ ತ್ರಿಕೋನವಿದ್ದರೆ ಕಪ್ಪುತಲೆ ಗಲ್. ರೆಕ್ಕೆಯ ತುದಿ ಅಗಲವಾಗಿ ಕಪ್ಪಾಗಿದ್ದು ಅದರೊಳಗೆ ಬಿಳಿ ಚುಕ್ಕೆಗಳಿದ್ದು, ಕಣ್ಣು ಬಿಳುಪಾಗಿದ್ದರೆ ಕಂದುತಲೆ ಗಲ್. ಎರಡಕ್ಕೂ ಜನವರಿಯಲ್ಲಿ ತಲೆ ಬಿಳಿಯೇ ಇರುತ್ತದೆ, ಕಿವಿಯ ಬಳಿ ಒಂದು ಮಚ್ಚೆ ಮಾತ್ರ. ಬೆನ್ನು ಕಡುಬೂದಾಗಿರುವ ದೊಡ್ಡ ಗಲ್ ಉತ್ತರ ರಷ್ಯಾದಿಂದ ಬರುವ ಹ್ಯೂಗ್ಲಿನ್ಸ್. ಮರಿವಯಸ್ಸಿನ ಕಂದು ಗಲ್‌ಗಳನ್ನು ಹೆಸರಿಸುವ ಗೋಜಿಗೆ ಮಕ್ಕಳನ್ನು ಎಳೆಯಬೇಡಿ.

ಪಡುವಣ ಅವರ ಉತ್ತರ

ದೋಣಿಯ ದಾರಿಯ ಬಗ್ಗೆ ಬಂದರುಬೀದಿ ಅವರು ಬರೆದದ್ದನ್ನು ಒಪ್ಪುತ್ತೇನೆ. ಎರಡು ದಿನ ಸಿಗುವುದಾದರೆ ದ್ವೀಪವನ್ನೂ ಸೇರಿಸಿಕೊಳ್ಳಿ. ದಿನ ಒಂದೇ ಆದರೆ ಮಾತ್ರ ನನ್ನ ಆಯ್ಕೆ ಬೆಂಗ್ರೆಯೇ.

ಇದರ ಜೊತೆಗೆ ಮಕ್ಕಳಿಗೆ ಹೊರಡುವ ಮೊದಲೇ ಹೇಳಬೇಕಾದ ಮಾತೊಂದಿದೆ. ಭರತದ ಹೊತ್ತಿನಲ್ಲಿ ಮರಳದಿಬ್ಬದ ಮೇಲೆ ಗುಂಪಾಗಿ ನಿಂತ ಹಕ್ಕಿಗಳು ಸುಮ್ಮನೆ ನಿಂತಿರುವುದಿಲ್ಲ. ರಾತ್ರಿ ಹಗಲು ಮೇದದ್ದನ್ನು ಕೊಬ್ಬಾಗಿ ಕೂಡಿಟ್ಟುಕೊಳ್ಳಲು ಅವಕ್ಕೆ ಆ ವಿಶ್ರಾಂತಿ ಬೇಕು, ಏಕೆಂದರೆ ಮರಳಿ ಹೋಗುವ ಸಾವಿರಾರು ಕಿಲೋಮೀಟರಿನ ಹಾರಾಟಕ್ಕೆ ಆ ಕೊಬ್ಬೇ ಇಂಧನ. ಫೋಟೋಕ್ಕಾಗಿ ಗುಂಪನ್ನು ಎಬ್ಬಿಸಿ ಹಾರಿಸುವುದು, ಡ್ರೋನ್ ಬಿಡುವುದು, ಮರಳಿನ ಮೇಲೆ ವಾಹನ ಓಡಿಸುವುದು ಇವೆಲ್ಲ ಆ ಕೂಡಿಟ್ಟದ್ದನ್ನು ಕರಗಿಸುತ್ತವೆ. ನಮ್ಮ ಕಡಲತೀರಗಳಲ್ಲಿ ಇದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದನ್ನು ಕಂಡು ನನಗೆ ನಿಜಕ್ಕೂ ನೋವಾಗುತ್ತದೆ. ಮೇಯುತ್ತಿದ್ದ ಹಕ್ಕಿಗಳು ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನಿಂತರೆ, ಅಥವಾ ಒಂದೇ ದಿಕ್ಕಿಗೆ ನಡೆಯತೊಡಗಿದರೆ, ನೀವು ಹತ್ತಿರವಾದಿರಿ ಎಂದರ್ಥ. ಅಲ್ಲಿಂದ ನಾಲ್ಕು ಹೆಜ್ಜೆ ಹಿಂದೆ ಬಂದು ಕುಳಿತುಬಿಡಿ. ನಿಂತ ಮನುಷ್ಯನಿಗಿಂತ ಕುಳಿತ ಮನುಷ್ಯನನ್ನು ಹಕ್ಕಿ ಬೇಗ ಸಹಿಸುತ್ತದೆ. ಹೊಳೆಯ ಬದಿಯ ಕೆಸರಿಗೆ ಮಕ್ಕಳು ಇಳಿಯದಂತೆಯೂ ನೋಡಿಕೊಳ್ಳಿ. ಮೇಲೆ ಗಟ್ಟಿಯಾಗಿ ಕಂಡರೂ ಕೆಲವೆಡೆ ಮೊಣಕಾಲಿನ ತನಕ ಹೂತುಹೋಗುತ್ತದೆ.

ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ನಿಮ್ಮ ಭೇಟಿಯೂ ಅದೇ ತಿಂಗಳಾದ್ದರಿಂದ ಮಕ್ಕಳು ಎಣಿಸಿದ್ದನ್ನು ಇ-ಬರ್ಡ್‌ಗೆ ಸೇರಿಸಿ. ಹೆಸರು ಖಚಿತವಾಗದ ಹಕ್ಕಿಯನ್ನು ಊಹಿಸಿ ಬರೆಯುವ ಬದಲು ‘ಸ್ಯಾಂಡ್ ಪ್ಲೋವರ್ ಜಾತಿ’ ಎಂದಷ್ಟೇ ದಾಖಲಿಸಲು ಅಲ್ಲಿ ಅವಕಾಶವಿದೆ. ಒಬ್ಬರು ಎಣಿಸಲಿ, ಒಬ್ಬರು ಬರೆಯಲಿ, ಇನ್ನೊಬ್ಬರು ಸಮಯ ಮತ್ತು ನೀರಿನ ಮಟ್ಟವನ್ನು ಗುರುತಿಸಲಿ. ಮುಂದಿನ ವರ್ಷದ ತಂಡ ಅದೇ ಜಾಗದಲ್ಲಿ, ಅದೇ ತಿಥಿಯ ಸುಮಾರಿಗೆ, ಅದೇ ನೀರಿನ ಮಟ್ಟದಲ್ಲಿ ಎಣಿಸಿದರೆ ಎರಡೂ ವರ್ಷದ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಬರುತ್ತದೆ.